ನಾರ್ಫೋಕ್ ಕಥೆಗಳು – 5: ಸುದ್ದಿ ಮುಟ್ಟದ ಆ ಶನಿವಾರ ರಾತ್ರಿ

ಕಳೆದ ಭಾಗ ಓದಿ, "ನೀವಿರುವ ಕಡೆ ಕಡಲು ಹೇಗಿದೆ?" ಅಂತ ಹಲವರು ಕೇಳಿದ್ದಿರಿ. ಇವತ್ತು ಅದರ ಕಥೆ.

ನಾರ್ಫೋಕ್ ಇಂಗ್ಲೆಂಡಿನ ಪೂರ್ವಕ್ಕೆ ಚಾಚಿಕೊಂಡಿರುವ ಕೃಷಿ ಜಿಲ್ಲೆ. ಗೋಧಿ, ಬಾರ್ಲಿ, ಸಕ್ಕರೆ ಬೀಟ್‌ರೂಟ್ ಹೊಲಗಳು. ನಮ್ಮ ಕರಾವಳಿಯ ಹಾಗೆ ಬೆನ್ನಿಗೆ ಘಟ್ಟ ಇಲ್ಲ. ಹಲವು ಕಡೆ ನೆಲ ಕಡಲ ಮಟ್ಟದಲ್ಲೇ ಇದೆ. ಉತ್ತರದಲ್ಲಿ ಉಪ್ಪುನೀರಿನ ಜೌಗು, ಪೂರ್ವದಲ್ಲಿ ಮರಳು ದಿಬ್ಬ ಮತ್ತು ಮೆತ್ತಗಿನ ಮಣ್ಣಿನ ದರೆ.

1953ರ ಜನವರಿ 31, ಶನಿವಾರ. ಸ್ಕಾಟ್‌ಲೆಂಡಿನ ಕಡೆಯಿಂದ ದೊಡ್ಡ ಬಿರುಗಾಳಿ ಇಳಿದು ಬಂತು. ವಾಯುಭಾರ ಕುಸಿದರೆ ಕಡಲ ನೀರು ಉಬ್ಬುತ್ತದೆ. ಒಂದು ಮಿಲಿಬಾರಿಗೆ ಸುಮಾರು ಒಂದು ಸೆಂಟಿಮೀಟರ್. ಅದರ ಮೇಲೆ ಉತ್ತರದ ಗಾಳಿ ನೀರನ್ನು ದಕ್ಷಿಣಕ್ಕೆ ತಳ್ಳಿತು. ಉತ್ತರ ಸಮುದ್ರ ದಕ್ಷಿಣಕ್ಕೆ ಹೋದಂತೆ ಕಿರಿದಾಗುತ್ತದೆ, ಆಳವೂ ಕಡಿಮೆ. ಆ ನೀರಿಗೆ ಹೋಗಲು ಜಾಗ ಇರಲಿಲ್ಲ. ಜೊತೆಗೆ ಅದು ದೊಡ್ಡ ಭರತದ ಹೊತ್ತು.

ಸಂಜೆ 7.27ಕ್ಕೆ ಹನ್‌ಸ್ಟಂಟನ್‌ನಿಂದ ಕಿಂಗ್ಸ್ ಲಿನ್‌ಗೆ ಹೊರಟ ರೈಲಿಗೆ ಡಿಕ್ಕಿ ಹೊಡೆದದ್ದು ನೀರಲ್ಲಿ ತೇಲಿಬಂದ ಒಂದು ಮನೆ! ಅದೇ ಊರಲ್ಲಿ ರೀಸ್ ಲೆಮಿಂಗ್ ಎಂಬ 22ರ ಅಮೆರಿಕನ್ ವಾಯುಪಡೆಯ ಹುಡುಗ, ಈಜು ಬಾರದಿದ್ದರೂ, ರಬ್ಬರ್ ದೋಣಿಯನ್ನು ಎಳೆದುಕೊಂಡು ಹೋಗಿ 27 ಜನರನ್ನು ಬದುಕಿಸಿದ. ಅವನಿಗೆ ಜಾರ್ಜ್ ಪದಕ ಸಿಕ್ಕಿತು. ನಾರ್ಫೋಕ್ ಒಂದರಲ್ಲೇ ಸುಮಾರು 100 ಸಾವು. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಒಟ್ಟು 307. ಆಚೆ ದಡದ ನೆದರ್‌ಲೆಂಡ್ಸ್‌ನಲ್ಲಿ 1800ಕ್ಕೂ ಹೆಚ್ಚು.

ನನ್ನನ್ನು ಕಾಡುವುದು ಗಡಿಯಾರ. ಉತ್ತರದ ಲಿಂಕನ್‌ಶೈರಿಗೆ ನೀರು ನುಗ್ಗಿದ್ದು ಸಂಜೆ 7ರ ಹೊತ್ತಿಗೆ. ದಕ್ಷಿಣದ ಎಸೆಕ್ಸ್‌ನ ಕ್ಯಾನ್ವೆ ದ್ವೀಪ ಮುಳುಗಿದ್ದು ಮಧ್ಯರಾತ್ರಿ ಕಳೆದ ಮೇಲೆ. ನಡುವೆ ಐದಾರು ಗಂಟೆ ಇತ್ತು. ಆದರೆ ವಾರಾಂತ್ಯ, ಕಚೇರಿಗಳು ಮುಚ್ಚಿದ್ದವು, ಫೋನ್ ತಂತಿಗಳು ಹರಿದಿದ್ದವು. ಮೇಲಿನ ಊರಿನ ಸುದ್ದಿಯನ್ನು ಕೆಳಗಿನ ಊರಿಗೆ ದಾಟಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಕ್ಯಾನ್ವೆಯ ಜನ ನಿದ್ದೆಯಲ್ಲಿದ್ದರು. ನರ್ಸ್‌ಗಳಿಗೆ ಇದು ಬೇಗ ಅರ್ಥವಾಗುತ್ತದೆ. ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್‌ನಲ್ಲಿ ಒಂದು ಮಾತು ಬಿಟ್ಟುಹೋದರೆ ಅದರ ಬೆಲೆ ತೆರುವುದು ಹಾಸಿಗೆಯಲ್ಲಿ ಮಲಗಿದವರು.

ಆ ದುರಂತದ ನಂತರವೇ ಇಲ್ಲಿ ಕಡಲ ಉಬ್ಬರದ ಮುನ್ನೆಚ್ಚರಿಕೆ ವ್ಯವಸ್ಥೆ ಬಂತು. ಲಂಡನ್ನಿನ ಥೇಮ್ಸ್ ತಡೆಗೋಡೆಯ ಯೋಚನೆ ಹುಟ್ಟಿದ್ದೂ ಆಗಲೇ. 2013ರ ಡಿಸೆಂಬರ್ 5ರಂದು ನೀರು ಕೆಲವು ಕಡೆ 1953ಕ್ಕಿಂತ ಮೇಲೇರಿತು. ಹೆಮ್ಸ್‌ಬಿಯಲ್ಲಿ ಮನೆಗಳು ಕಡಲಿಗೆ ಜಾರಿದವು. ಆದರೆ ಜನರನ್ನು ಮೊದಲೇ ಎಬ್ಬಿಸಿ ಕಳಿಸಿದ್ದರಿಂದ ಆ ಹಳೆಯ ಸಾವುಗಳು ಮರುಕಳಿಸಲಿಲ್ಲ.

ಹಾಗಂತ ಕಡಲು ಸುಮ್ಮನಾಗಿಲ್ಲ. ಹ್ಯಾಪಿಸ್ಬರ್ಗ್ ಎಂಬ ಹಳ್ಳಿಯಲ್ಲಿ (ಬರೆಯುವುದು ಹೀಗೆ, ಇಲ್ಲಿಯವರು ಕರೆಯುವುದು "ಹೇಸ್‌ಬ್ರ"!) ದರೆ ಕುಸಿಯುತ್ತಲೇ ಇದೆ. ರಸ್ತೆ, ಮನೆ ಹೋಗಿವೆ. ಅದೇ ಕೊರೆತ 2013ರಲ್ಲಿ ಎಂಟು ಲಕ್ಷ ವರ್ಷಕ್ಕೂ ಹಳೆಯ ಮಾನವರ ಹೆಜ್ಜೆಗುರುತುಗಳನ್ನು ತೆರೆದು ತೋರಿಸಿತು. ಆಫ್ರಿಕಾದ ಹೊರಗೆ ಅಲ್ಲಿಯವರೆಗೆ ಸಿಕ್ಕವುಗಳಲ್ಲೇ ಹಳೆಯವು. ಕೆಲವೇ ದಿನಗಳಲ್ಲಿ ಅಲೆ ಅವನ್ನೂ ಅಳಿಸಿತು. ವಿಜ್ಞಾನಿಗಳ ಬಳಿ ಉಳಿದದ್ದು ಫೋಟೋ, ಅಳತೆ.

ಉತ್ತರದ ಉಪ್ಪು ಜೌಗು ಬೇರೆ ಥರ. ಹುಲ್ಲು, ಕೆಸರು, ಸಣ್ಣ ಕಾಲುವೆಗಳು ಅಲೆಯ ಬಲವನ್ನು ದಾರಿಯಲ್ಲೇ ಕುಗ್ಗಿಸುತ್ತವೆ. ಕ್ಲೈ ಎಂಬಲ್ಲಿನ ಜೌಗನ್ನು 1926ರಲ್ಲೇ ಹಕ್ಕಿಗಳಿಗಾಗಿ ಕೊಂಡು ಉಳಿಸಿದ್ದರು.

ಮರವಂತೆ, ಉಳ್ಳಾಲ ಕಂಡವರಿಗೆ ಕಡಲ್ಕೊರೆತ ಹೊಸ ಪದ ಅಲ್ಲ. ಪ್ರತಿ ಮಳೆಗಾಲ ಬಂಡೆ ತಂದು ಸುರಿಯುವುದನ್ನು ನೋಡಿಯೇ ಬೆಳೆದವರು ನಾವು. ಬಂಡೆಯ ಲೆಕ್ಕದ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳೋಣ: ರಾತ್ರಿ ಎರಡು ಗಂಟೆಗೆ ನೀರು ಏರಿದರೆ ಒಂಟಿಯಾಗಿರುವ ಅಜ್ಜಿಯ ಬಾಗಿಲು ತಟ್ಟುವವರು ಯಾರು? ನಿಮ್ಮೂರಲ್ಲಿ ಆ ಹೆಸರು ಗೊತ್ತಿದ್ದರೆ ಕಾಮೆಂಟ್ ಬೇಡ, ಮನೆಗೆ ಫೋನ್ ಮಾಡುವಾಗ ಒಮ್ಮೆ ಖಚಿತಪಡಿಸಿಕೊಳ್ಳಿ.

ಮುಂದಿನ ಭಾಗ: ಮನುಷ್ಯರು ಉರುವಲಿಗಾಗಿ ಅಗೆದು, ಆಮೇಲೆ ಕೆರೆಗಳಾದ "ಬ್ರಾಡ್ಸ್".