ಪದ ಪರಿಚಯ: ಚಂಗ್ರಾಂದಿ

ಸಂಸ್ಕೃತದ ‘ಸಂಕ್ರಾಂತಿ’ ಕೊಡವ ನಾಲಿಗೆಯಲ್ಲಿ ‘ಚಂಗ್ರಾಂದಿ’. ಸಕಾರ ಚಕಾರವಾಗಿದೆ, ಅನುನಾಸಿಕದ ಮುಂದಿನ ಕ, ತಗಳು ಗ, ದ ಆಗಿವೆ. ಮೂಲ ಅರ್ಥ ದಾಟುವಿಕೆ, ಅಂದರೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಸಾಗುವುದು. ವರ್ಷಕ್ಕೆ ಹನ್ನೆರಡು ಸಂಕ್ರಾಂತಿಗಳಿದ್ದರೂ ಕೊಡಗಿನಲ್ಲಿ ಬರೀ ಚಂಗ್ರಾಂದಿ ಎಂದರೆ ತುಲಾ ಸಂಕ್ರಮಣ, ಕಾವೇರಿ ತೀರ್ಥೋದ್ಭವದ ದಿನ.

ಅಂದು ಭಕ್ತರು ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು, ಎಂಟು ಕಿ.ಮೀ. ಮೇಲಿನ ತಲಕಾವೇರಿಗೆ ಹೋಗುತ್ತಾರೆ. ಮುಹೂರ್ತ ಯಾರ ಅನುಕೂಲವನ್ನೂ ನೋಡುವುದಿಲ್ಲ: 2022ರಲ್ಲಿ ಸಂಜೆ 7.21, 2023ರಲ್ಲಿ ನಡುರಾತ್ರಿ 1.27. ಸೌರವರ್ಷ 365 ದಿನಕ್ಕಿಂತ ಆರು ಗಂಟೆ ಚಿಲ್ಲರೆ ಹೆಚ್ಚಿರುವುದೇ ಇದಕ್ಕೆ ಕಾರಣ. ಮಂಜಿರಲಿ ಮಳೆಯಿರಲಿ, ಜನ ತೀರ್ಥ ಉಕ್ಕುವ ಪುಟ್ಟ ಕುಂಡಿಕೆಯ ಮೇಲೇ ಕಣ್ಣಿಟ್ಟು ನಿಲ್ಲುತ್ತಾರೆ.

ಐತಿಹ್ಯವೂ ಸುಲಭಕ್ಕೆ ದಕ್ಕುವಂಥದ್ದಲ್ಲ. ಅಗಸ್ತ್ಯರ ಕಮಂಡಲ ಬಿಟ್ಟು ಹರಿದ ಕಾವೇರಿಯನ್ನು ಬಲಮುರಿಯಲ್ಲಿ ಜನ ತಡೆದರಂತೆ. ಅವಳು ನಿಲ್ಲಲಿಲ್ಲ, ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತಂತೆ. ಬಿಟ್ಟು ಹೋಗುವ ತಾಯಿಯನ್ನು ಆಗ ಒಪ್ಪುವುದು ಕಷ್ಟವಾಗಿದ್ದಿರಬೇಕು. ಆದರೆ ಅವಳು ಹರಿದದ್ದರಿಂದಲೇ ಕೆಳಗಿನ ನಾಡುಗಳಿಗೆ ನೀರು ಸಿಕ್ಕಿತು. ಕೊಡಗಿಗೆ ಸಿಕ್ಕಿದ್ದು ವರ್ಷಕ್ಕೊಮ್ಮೆ ಬರುವೆನೆಂಬ ಮಾತು.

ಆ ಮಾತನ್ನು ನಂಬಿದವರ ಹಬ್ಬವೇ ಚಂಗ್ರಾಂದಿ. ಅಂದು ಮನೆಗಳಲ್ಲಿ ಮಾಂಸದಡುಗೆಯಿಲ್ಲ. ದೋಸೆ, ಕುಂಬಳಕಾಯಿ ಸಾರು. ಕೊಡವ ಹೆಂಗಸರು ಇಂದಿಗೂ ನೆರಿಗೆಯನ್ನು ಬೆನ್ನ ಹಿಂದೆಯೇ ಸಿಕ್ಕಿಸುತ್ತಾರೆ.