ಸಿಹಿನೀರಿನ ಅಕ್ವೇರಿಯಂನಲ್ಲಿ ಉಪ್ಪು

ಸಿಹಿನೀರಿನ ಮೀನುಗಳ ಆರೋಗ್ಯಕ್ಕಾಗಿ ತೊಟ್ಟಿಯ ನೀರಿಗೆ ಸೋಡಿಯಂ ಕ್ಲೋರೈಡ್ ಬೆರೆಸುವ ಪದ್ಧತಿ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ಇಂಗ್ಲೆಂಡಿನಲ್ಲಿ 1850ರ ದಶಕದಲ್ಲಿ ಹಬ್ಬಿತು. ಲಂಡನ್ ಮೃಗಾಲಯದ ಮೀನುಮನೆ ತೆರೆದದ್ದು 1853ರಲ್ಲಿ. ಬೂಷ್ಟು ಹಿಡಿದ ಮೀನನ್ನು ಉಪ್ಪುನೀರಿನಲ್ಲಿ ಅದ್ದುವುದು ಸಾಕುವವರ ಹಳೆಯ ರೂಢಿ. ಅದರಿಂದ ಗುಣವಾಗುವುದೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಬಹಳ ತಡವಾಗಿ.

ಸಿಹಿನೀರಿನ ಮೀನಿನ ರಕ್ತದ ಸಾಂದ್ರತೆ ಲೀಟರಿಗೆ ಸುಮಾರು 9 ಗ್ರಾಂ ಉಪ್ಪು ಕರಗಿದ ನೀರಿಗೆ ಸಮ. ಸುತ್ತಲಿನ ನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಿವಿರಿನ ಮೂಲಕ ನೀರು ಸದಾ ಒಳನುಗ್ಗುತ್ತದೆ, ಲವಣ ಹೊರಸೋರುತ್ತದೆ. ಮೀನು ತೆಳುಮೂತ್ರವನ್ನು ಧಾರಾಳವಾಗಿ ಹೊರಹಾಕಿ, ಕಳೆದುಕೊಂಡ ಲವಣವನ್ನು ಕಿವಿರಿನಿಂದಲೇ ಮರಳಿ ಹೀರಿಕೊಳ್ಳುತ್ತದೆ. ಈ ಹೀರುವಿಕೆಯನ್ನು 1930ರ ದಶಕದಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಶರೀರವಿಜ್ಞಾನಿ ಆಗಸ್ಟ್ ಕ್ರೋಗ್. ಗಾಯಗೊಂಡ, ಸಾಗಾಟದಲ್ಲಿ ಬಳಲಿದ ಮೀನಿಗೆ ಈ ದುಡಿಮೆ ಭಾರ. ನೀರಿನಲ್ಲಿ ತುಸು ಉಪ್ಪಿದ್ದರೆ ಅದು ಹಗುರಾಗುತ್ತದೆ.

ಪರಾವಲಂಬಿಗಳ ವಿರುದ್ಧವೂ ಉಪ್ಪು ಬಳಸುತ್ತಾರೆ. ಅವುಗಳಲ್ಲೊಂದಾದ ಬಿಳಿಚುಕ್ಕೆ ರೋಗದ ಪರಾವಲಂಬಿಯನ್ನು ಫ್ರಾನ್ಸಿನ ಫೂಕೆ 1876ರಲ್ಲಿ ಹೆಸರಿಸಿದರು. ಚರ್ಮದೊಳಗೆ ಹುದುಗಿರುವಾಗ ಉಪ್ಪು ಅದನ್ನು ಮುಟ್ಟಲಾರದು. ಹೊಸ ಮೀನನ್ನು ಹುಡುಕುತ್ತ ನೀರಿನಲ್ಲಿ ಈಜುವ ಹಂತದಲ್ಲಷ್ಟೇ ಕೊಲ್ಲಬಲ್ಲದು. ಒಂದೇ ದಿನ ಉಪ್ಪು ಹಾಕಿ ಫಲ ಕಾಣದವರು ಸೋಲುವುದು ಇಲ್ಲಿಯೇ.

ಉಪ್ಪಿನ ಅತ್ಯಂತ ಖಚಿತವಾದ ಉಪಯೋಗ ಬೆಳಕಿಗೆ ಬಂದದ್ದು 1970ರ ದಶಕದ ಪ್ರಯೋಗಗಳಲ್ಲಿ. ಹೊಸ ತೊಟ್ಟಿಯಲ್ಲಿ ಮೀನಿನ ತ್ಯಾಜ್ಯವನ್ನು ಅರಗಿಸುವ ಬ್ಯಾಕ್ಟೀರಿಯಾ ಇನ್ನೂ ಪೂರ್ತಿ ನೆಲೆಗೊಂಡಿರುವುದಿಲ್ಲ, ಆ ತ್ಯಾಜ್ಯದಿಂದ ಹುಟ್ಟುವ ನೈಟ್ರೈಟ್ ಏರುತ್ತದೆ. ಕ್ಲೋರೈಡ್ ಹೀರುವ ದಾರಿಯಲ್ಲೇ ಅದು ಕಿವಿರನ್ನು ಹೊಕ್ಕು, ಹಿಮೋಗ್ಲೋಬಿನ್ನು ಆಮ್ಲಜನಕ ಹೊರಲಾಗದಂತೆ ಮಾಡುತ್ತದೆ. ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ; ಏರ್ ಪಂಪ್ ಓಡುತ್ತಿದ್ದರೂ ಮೀನು ಮೇಲೆ ಬಂದು ಬಾಯ್ಬಿಡುತ್ತದೆ. ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ನೈಟ್ರೈಟಿಗೆ ಆ ದಾರಿಯಲ್ಲಿ ಎಡೆ ಸಿಗದು. ಅಮೆರಿಕದ ಕ್ಯಾಟ್‌ಫಿಶ್ ಕೊಳಗಳಲ್ಲಿ ಲೀಟರಿಗೆ 100 ಮಿಲಿಗ್ರಾಂ ಕ್ಲೋರೈಡ್ ಕಾಯ್ದುಕೊಳ್ಳುವುದು ಇದಕ್ಕಾಗಿಯೇ. 100 ಲೀಟರಿನ ಟ್ಯಾಂಕಿಗೆ ಲೆಕ್ಕ ಹಾಕಿದರೆ ಬೇಕಾಗುವುದು 16–17 ಗ್ರಾಂ ಉಪ್ಪು ಮಾತ್ರ.

ಇಷ್ಟೆಲ್ಲ ಗುಣವಿದೆಯೆಂದು ಎಲ್ಲ ಟ್ಯಾಂಕಿಗೂ ಸದಾ ಉಪ್ಪು ಹಾಕುವ ಅಭ್ಯಾಸಕ್ಕೆ ಆಧಾರವಿಲ್ಲ. ಅರೆ ಉಪ್ಪುನೀರಿನಲ್ಲೂ ಬದುಕುವ ಮೋಲಿ ಮೀನಿಗೆ ಅದು ಹಿತ. ಅಮೆಜಾನಿನ ಮೃದುನೀರಿನಿಂದ ಬಂದ ಟೆಟ್ರಾಗಳಿಗೆ ಬೇಕಿಲ್ಲ; ಕೋರಿಡೋರಸ್ ಮೀನುಗಳಿಗೂ ಹಲವು ಜಲಸಸ್ಯಗಳಿಗೂ ಹಾನಿಯಾಗಬಹುದು. ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ, ಕಡಿಮೆಯಾದ ನೀರನ್ನು ತುಂಬುವಾಗಲೆಲ್ಲ ಮತ್ತೆ ಉಪ್ಪು ಸೇರಿಸಿದರೆ ಪ್ರಮಾಣ ಏರುತ್ತಲೇ ಹೋಗುತ್ತದೆ. ಅಯೋಡಿನ್ ಸೇರಿದ ಅಡುಗೆ ಉಪ್ಪು ಮೀನಿಗೆ ವಿಷವೆಂಬ ಮಾತೂ ಬಹಳ ಹಬ್ಬಿದೆ. ಆ ಉಪ್ಪಿನಲ್ಲಿರುವ ಅಯೋಡಿನ್ ಅತ್ಯಲ್ಪ, ಅದಕ್ಕೆ ಹೆದರಬೇಕಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮೀನು ಸಾಕಣೆಯಲ್ಲಿ ಎರಡು ಬಳಕೆಗಳನ್ನು ಗುರುತಿಸಿದೆ: ಬಳಲಿಕೆ ತಗ್ಗಿಸಲು ಶೇ. 0.5ರಿಂದ 1ರ ದ್ರಾವಣ, ಪರಾವಲಂಬಿ ನಿವಾರಣೆಗೆ 10–30 ನಿಮಿಷಗಳ ಶೇ. 3ರ ಸ್ನಾನ. ಭಾರತದಲ್ಲಿ ರೋಹು, ಕಾಟ್ಲಾ ಮರಿಗಳನ್ನು ಕೆರೆಗೆ ಬಿಡುವ ಮುನ್ನ ಉಪ್ಪುನೀರಿನಲ್ಲಿ ಅದ್ದುವುದೂ ಇದೇ ಕ್ರಮ. ಅದ್ದಿದ ಮೀನು ಮಗ್ಗುಲಾಗಿ ವಾಲಿದರೆ ಅವಧಿ ಮುಗಿಯದಿದ್ದರೂ ಕೂಡಲೇ ತೆಗೆಯಬೇಕು.