ಓದಿಸುವವರೂ ಓದುತ್ತಿದ್ದ ಕಾಲ: ಮೈಸೂರಿನ ಉನ್ನತ ಶಿಕ್ಷಣದ ಒಂದು ಅಧ್ಯಾಯ

ಮೈಸೂರು ಸಂಸ್ಥಾನದ ಎರಡು ಹಿರಿಯ ಕಾಲೇಜುಗಳಲ್ಲಿ ಒಂದಾದ ಮಹಾರಾಜ ಕಾಲೇಜಿನ ಮೂಲವು ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆಯಲ್ಲಿದೆ; ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರಲ್ಲಿ ಪ್ರೌಢಶಾಲೆಯಾಗಿ ಹುಟ್ಟಿತು. 20ನೆಯ ಶತಮಾನದ ಆರಂಭದಲ್ಲಿ ಇವೆರಡೂ ಮದರಾಸು ವಿಶ್ವವಿದ್ಯಾನಿಲಯದ ಸಂಲಗ್ನ ಕಾಲೇಜುಗಳಾಗಿದ್ದವು. ಎಂದರೆ ಪಾಠ ಇಲ್ಲಿ ನಡೆದರೂ ಪಠ್ಯಕ್ರಮವನ್ನು ಗೊತ್ತುಮಾಡುವ, ಪ್ರಶ್ನೆಪತ್ರಿಕೆಯನ್ನು ರಚಿಸುವ ಮತ್ತು ಪದವಿಯನ್ನು ನೀಡುವ ಅಧಿಕಾರವೆಲ್ಲ ಮದರಾಸಿನದಾಗಿತ್ತು. ತಾನು ಏನನ್ನು ಕಲಿಸಬೇಕೆಂಬುದನ್ನು ನಿರ್ಧರಿಸುವ ಹಕ್ಕಿಲ್ಲದ ಅಧ್ಯಾಪಕನ ಉತ್ಸಾಹಕ್ಕೆ ಇಂತಹ ವ್ಯವಸ್ಥೆಯಲ್ಲಿ ಒಂದು ಮಿತಿ ಇದ್ದೇ ಇರುತ್ತದೆ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳಾಗಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳಾಗಿ, ದಿವಾನ್ ವಿಶ್ವೇಶ್ವರಯ್ಯನವರ ಆಸಕ್ತಿಯ ಬೆಂಬಲದಿಂದ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದಾಗ ಈ ಮಿತಿ ಕಳಚಿತು. ಬ್ರಿಟಿಷ್ ಆಡಳಿತದ ಪ್ರಾಂತ್ಯಗಳ ಹೊರಗೆ, ಒಂದು ದೇಶೀಯ ಸಂಸ್ಥಾನದಲ್ಲಿ ಹುಟ್ಟಿದ ಭಾರತದ ಮೊದಲ ವಿಶ್ವವಿದ್ಯಾನಿಲಯವೆಂಬ ಹಿರಿಮೆಯನ್ನು ಎಲ್ಲರೂ ಸ್ಮರಿಸುತ್ತಾರೆ. ಆದರೆ ತರಗತಿಯೊಳಗಿದ್ದವರ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಕಲಿಸುವವರಿಗೆ ತಮ್ಮ ವಿಷಯವನ್ನು ತಾವೇ ಕಟ್ಟಿಕೊಳ್ಳುವ ಅವಕಾಶ ದೊರೆತದ್ದು.

ಈ ಅವಕಾಶವು ಮೊದಲು ಫಲಿಸಿದ ವಿಭಾಗಗಳಲ್ಲಿ ತತ್ತ್ವಶಾಸ್ತ್ರವೂ ಒಂದು. 1918ರಲ್ಲಿ ಪ್ರಾಧ್ಯಾಪಕರಾಗಿ ಬಂದ ಸರ್ವಪಲ್ಲಿ ರಾಧಾಕೃಷ್ಣನ್ ಅವರಿಗೆ ಆಗ ಸುಮಾರು 30 ವರ್ಷ. ಮೈಸೂರಿನಲ್ಲಿದ್ದ ಅಲ್ಪಾವಧಿಯಲ್ಲಿಯೇ ಅವರು ರವೀಂದ್ರನಾಥ ಠಾಕೂರರ ತತ್ತ್ವಚಿಂತನೆಯ ಮೇಲೆ ಒಂದು ಗ್ರಂಥವನ್ನೂ ಸಮಕಾಲೀನ ಪಾಶ್ಚಾತ್ಯ ದರ್ಶನದಲ್ಲಿ ಮತಧರ್ಮದ ಸ್ಥಾನವನ್ನು ವಿಮರ್ಶಿಸುವ ಮತ್ತೊಂದು ಗ್ರಂಥವನ್ನೂ ಹೊರತಂದರು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ನೊಗ ಹಿಡಿದು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದ ಸಂಗತಿ ಪ್ರಸಿದ್ಧವಾಗಿದೆ. ಅದನ್ನು ವ್ಯಕ್ತಿಪೂಜೆಯ ಪ್ರಸಂಗವೆಂದು ಮಾತ್ರ ಓದಿದರೆ ಸಾಲದು. ಮೂರೇ ವರ್ಷದ ಪಾಠವು ತರುಣರ ಮನಸ್ಸಿನಲ್ಲಿ ಅಷ್ಟು ಆಳಕ್ಕೆ ಇಳಿಯಬಹುದೆಂಬುದಕ್ಕೆ ಅದು ಸಾಕ್ಷಿ.

ರಾಧಾಕೃಷ್ಣನ್ ಅವರಷ್ಟು ಪ್ರಖ್ಯಾತರಾಗದ ಎಂ. ಹಿರಿಯಣ್ಣನವರ ನಿದರ್ಶನ ಇನ್ನೂ ಮನನೀಯವಾದುದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಅಂದರೆ ತಾಳೆಗರಿ ಮತ್ತು ಕಾಗದದ ಹಸ್ತಪ್ರತಿಗಳನ್ನು ಕಾಪಾಡಿ ಪ್ರಕಟಿಸುವುದಕ್ಕಾಗಿ ಸಂಸ್ಥಾನವು ನಡೆಸುತ್ತಿದ್ದ ಭಂಡಾರದಲ್ಲಿ, ಕೆಲಸ ಆರಂಭಿಸಿದ ಅವರು ಮುಂದೆ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. 1932ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ, ಭಾರತೀಯ ದರ್ಶನಗಳನ್ನು ಕಲಿಯುವವರಿಗೆ ಇಂದಿಗೂ ಆಧಾರವಾಗಿರುವ ಅವರ ರೂಪರೇಖಾ ಗ್ರಂಥವು ಮೈಸೂರಿನಲ್ಲಿ ಅನೇಕ ವರ್ಷ ಮಾಡಿದ ಪಾಠಗಳಿಂದಲೇ ರೂಪುಗೊಂಡದ್ದು. ಪ್ರತಿವರ್ಷವೂ ಹೊಸ ವಿದ್ಯಾರ್ಥಿಗಳಿಗೆ ಅದೇ ವಿಷಯವನ್ನು ಹೇಳುವಾಗ ಅನಾವಶ್ಯಕವಾದುದು ಉದುರುತ್ತ, ಕಷ್ಟವಾದುದು ತಿಳಿಯಾಗುತ್ತ ಬರುತ್ತದೆ. ಆ ಗ್ರಂಥದ ಮಿತವಾದ, ಕಲಕದ ಶೈಲಿಗೆ ಪಾಠದ ಕೊಠಡಿಯ ಋಣವಿದೆ ಎನ್ನುವುದರಲ್ಲಿ ಸಂಶಯವಿಲ್ಲ. ಸಂಶೋಧನೆಯನ್ನೂ ಬೋಧನೆಯನ್ನೂ ಬೇರೆ ಬೇರೆ ಖಾತೆಗಳಲ್ಲಿ ಬರೆದಿಡುವ ಈಗಿನ ಪದ್ಧತಿಗೆ ಇಂತಹ ಗ್ರಂಥದ ಹುಟ್ಟು ಅರ್ಥವಾಗುವುದು ಕಷ್ಟ.

ಆದರೂ ಆ ಕಾಲದ ಅಧ್ಯಾಪನಕ್ಕೆ ತನ್ನದೇ ಆದ ಅರ್ಥ ಬಂದದ್ದು ಕನ್ನಡದ ತರಗತಿಗಳಲ್ಲಿ. 1909ರಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಮಹಾರಾಜ ಕಾಲೇಜನ್ನು ಸೇರಿದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಮಾಡಿದ ಭಾಷಣವು ಅವರ ಮುಂದಿನ ಬಾಳಿನ ಸಂಕಲ್ಪದಂತಿತ್ತು. ಇಂಗ್ಲಿಷ್ ಕವಿತೆಗಳನ್ನು ಪಾಠ ಮಾಡುತ್ತಲೇ ಅವುಗಳನ್ನು ಕನ್ನಡಕ್ಕೆ ತಂದು, ಪ್ರಾಸ ಮತ್ತು ಛಂದಸ್ಸಿನ ಹಳೆಯ ಕಟ್ಟುಗಳನ್ನು ಸಡಿಲಿಸಿದ ಅವರ 'ಇಂಗ್ಲಿಷ್ ಗೀತಗಳು' ಸಂಕಲನವಾಗಲಿ, ಗ್ರೀಕ್ ರುದ್ರನಾಟಕದ ಅಚ್ಚಿನಲ್ಲಿ ಮಹಾಭಾರತದ ಕಥೆಯನ್ನು ಎರಕಹೊಯ್ದ 1929ರ 'ಅಶ್ವತ್ಥಾಮನ್' ಆಗಲಿ, ತಾನು ಕಲಿಸುತ್ತಿರುವುದು ತನ್ನ ಜನಕ್ಕೆ ಏಕೆ ಬೇಕು ಎಂಬ ಪ್ರಶ್ನೆಯನ್ನು ಒಬ್ಬ ಅಧ್ಯಾಪಕನು ಮನಸಾರೆ ಎದುರಿಸಿದ್ದರ ಫಲಗಳು.

1927ರಲ್ಲಿ ಕನ್ನಡದ ಎಂ.ಎ. ತರಗತಿ ಆರಂಭವಾದಾಗ ಅಧ್ಯಾಪಕರ ಮುಂದಿದ್ದ ಸ್ಥಿತಿಯನ್ನು ಈಗ ಊಹಿಸಿಕೊಳ್ಳಬೇಕು. ಕನ್ನಡ ಕವಿಗಳ ಕಾಲ, ಕೃತಿ, ಮತಗಳನ್ನು ಶಾಸನ ಮತ್ತು ಹಸ್ತಪ್ರತಿಗಳ ಆಧಾರದಿಂದ ನಿರ್ಣಯಿಸುವ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ ಬಂದಿದ್ದವು. ಮೂರನೆಯ ಸಂಪುಟ ಹೊರಬಿದ್ದದ್ದು 1929ರಲ್ಲಿ, ಎಂದರೆ ಮೊದಲ ತಂಡದ ವಿದ್ಯಾರ್ಥಿಗಳು ಓದು ಮುಗಿಸುವ ಹೊತ್ತಿಗೆ. ಅನೇಕ ಕಾವ್ಯಗಳಿಗೆ ನಂಬಬಹುದಾದ ಮುದ್ರಿತ ಪಾಠವಿರಲಿಲ್ಲ. ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಕಾಲೇಜಿನ ವಿದ್ಯಾರ್ಥಿಗಳಿಗೆ ತಿಳಿಯುವಂತೆ ಒಂದೆಡೆ ಹೇಳುವ ಪುಸ್ತಕದ ಕೊರತೆಯನ್ನು ವಿಶ್ವವಿದ್ಯಾನಿಲಯವೇ 'ಕನ್ನಡ ಕೈಪಿಡಿ'ಯನ್ನು ಪ್ರಕಟಿಸಿ ನೀಗಿಸಬೇಕಾಯಿತು. ಹೀಗಾಗಿ ಕಲಿಸುವವರು ತರಗತಿಗೆ ತಂದದ್ದು ಸಿದ್ಧವಾದ ಜ್ಞಾನವನ್ನಲ್ಲ, ಇನ್ನೂ ಸಿದ್ಧವಾಗುತ್ತಿದ್ದ ಜ್ಞಾನವನ್ನು. ಒಂದು ಪದ್ಯದ ಪಾಠ ಸರಿಯೇ, ಒಂದು ಶಬ್ದದ ಅರ್ಥ ಇದೇ ಆಗಬಹುದೇ ಎಂಬ ಪ್ರಶ್ನೆಗಳು ಗುರುವಿಗೂ ಶಿಷ್ಯನಿಗೂ ಸಮಾನವಾಗಿ ನಿಜವಾದ ಪ್ರಶ್ನೆಗಳಾಗಿದ್ದವು. ಆ ತಲೆಮಾರಿನ ತರಗತಿಗಳಲ್ಲಿದ್ದ ಹುರುಪಿನ ಗುಟ್ಟು ಇದರಲ್ಲಿದೆ. ಅಧ್ಯಾಪಕರ ವಾಗ್ಮಿತೆಯಾಗಲಿ ಶಿಸ್ತಾಗಲಿ ಆ ಹುರುಪನ್ನು ಪೂರ್ತಿ ವಿವರಿಸಲಾರವು.

ಕನ್ನಡದ ಮೊದಲ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯನವರು ಈ ಗುಣದ ಮೂರ್ತಿಯಂತಿದ್ದರು. ಎ.ಆರ್. ಕೃಷ್ಣಶಾಸ್ತ್ರಿಗಳನ್ನೂ ಅವರನ್ನೂ ಕನ್ನಡದ ಅಶ್ವಿನೀ ದೇವತೆಗಳೆಂದು ಜನ ಕರೆಯುತ್ತಿದ್ದರು. ವೆಂಕಣ್ಣಯ್ಯನವರು ಸ್ವಂತವಾಗಿ ಬರೆದದ್ದು ಕಡಿಮೆ. ಪ್ರಕಟಣೆಗಳ ಪಟ್ಟಿಯಿಂದ ಅಳೆಯುವವರಿಗೆ ಅವರು ಸಣ್ಣವರಾಗಿ ಕಾಣಬಹುದು. ಆದರೆ ಮಲೆನಾಡಿನ ಕುಪ್ಪಳಿಯಿಂದ ಬಂದು, ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದು, ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಮಾತಿನಿಂದ ಕನ್ನಡಕ್ಕೆ ಹೊರಳಿದ ಕುವೆಂಪು ಎಂಬ ತರುಣ ಅವರ ಶಿಷ್ಯನಾಗಿ 1929ರಲ್ಲಿ ಎಂ.ಎ. ಮುಗಿಸಿ, ಮಹಾರಾಜ ಕಾಲೇಜಿನಲ್ಲಿಯೇ ಅಧ್ಯಾಪಕನಾದನು. 1939ರಲ್ಲಿ ವೆಂಕಣ್ಣಯ್ಯನವರು ತೀರಿಕೊಂಡರು. ಹತ್ತು ವರ್ಷಗಳ ಅನಂತರ ಪ್ರಕಟವಾದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಕುವೆಂಪು ತಮ್ಮ ಗುರುವಿಗೆ ಅರ್ಪಿಸಿದರು. ಒಬ್ಬ ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಗೌರವ ಕನ್ನಡದಲ್ಲಿ ಸಂದಿಲ್ಲ.

ಈ ಚಿತ್ರವನ್ನು ಮುಕ್ಕಾಗದಂತೆ ತೋರಿಸುವುದು ಪ್ರಾಮಾಣಿಕವಾಗಲಾರದು. ಕಲಿಕೆಯ ಸಂತೋಷವು ಎಲ್ಲರಿಗೂ ಸಮನಾಗಿ ದೊರೆಯುತ್ತಿರಲಿಲ್ಲ. ಪರಸ್ಥಳದಿಂದ ಬಂದ ಬಡ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದ ಪದ್ಧತಿ ಅನೇಕರಿಗೆ ಆಸರೆಯಾಗಿತ್ತಾದರೂ, ಅದರ ಬಾಗಿಲು ಜಾತಿಯನ್ನು ನೋಡಿ ತೆರೆಯುತ್ತಿತ್ತು. ಉಳಿದ ಸಮುದಾಯಗಳು ತಮ್ಮ ಮಕ್ಕಳಿಗಾಗಿ ತಾವೇ ದಾರಿ ಹುಡುಕಬೇಕಾಯಿತು. 1905ರ ಲಿಂಗಾಯತ ವಿದ್ಯಾನಿಧಿ ಸಂಘವೂ 1906ರ ಒಕ್ಕಲಿಗರ ಸಂಘವೂ ಇಂತಹ ಹುಡುಕಾಟದಿಂದ ಹುಟ್ಟಿದವು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಲು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಹಿನ್ನೆಲೆಯಲ್ಲಿಯೂ ವಿದ್ಯೆಯ ಈ ಅಸಮ ಹಂಚಿಕೆಯೇ ಇತ್ತು. ತಲೆಮಾರುಗಳಿಂದ ಅಕ್ಷರದ ಹೊರಗಿದ್ದ ಮನೆಯಿಂದ ಬಂದವನಿಗೆ ಕಾಲೇಜಿನ ಓದು ಬಿಡುಗಡೆಯಾಗಿಯೂ ಕಂಡಿತು, ಅನೇಕ ಸಲ ಅವಮಾನವಾಗಿಯೂ ಕಂಡಿತು ಎಂಬುದನ್ನು ಮರೆತು ಆ ಕಾಲವನ್ನು ಕೊಂಡಾಡಬಾರದು.

ತರಗತಿಯಲ್ಲಿ ಹುಟ್ಟಿದ ಉತ್ಸಾಹವು ಗೋಡೆಯಾಚೆಗೂ ಹರಿದದ್ದು ಈ ಅಸಮತೆಗೆ ಸಣ್ಣದಾದರೂ ಸಾರ್ಥಕವಾದ ಉತ್ತರವಾಗಿತ್ತು. ಕೃಷ್ಣಶಾಸ್ತ್ರಿಗಳ ಮುಂದಾಳತನದಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು, ಎಂದರೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಒಟ್ಟಾಗಿ ನಡೆಸುತ್ತಿದ್ದ ಸಾಹಿತ್ಯಕೂಟವು, 'ಪ್ರಬುದ್ಧ ಕರ್ನಾಟಕ' ಎಂಬ ತ್ರೈಮಾಸಿಕವನ್ನು ಹೊರಡಿಸಿತು. ಅದೇ ಕಾಲೇಜಿನಲ್ಲಿ ಮುಂದೆ ಜಿ.ಪಿ. ರಾಜರತ್ನಂ ಅವರು ವಿದ್ಯಾರ್ಥಿಗಳ ಬರಹವನ್ನು ಅಚ್ಚುಹಾಕಿಸುವುದನ್ನೂ ಅಧ್ಯಾಪಕನ ಕರ್ತವ್ಯವೆಂದೇ ಬಗೆದರು. 1933ರಲ್ಲಿ ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳನ್ನು ಆರಂಭಿಸಿತು. ಅಧ್ಯಾಪಕರು ಊರೂರಿಗೆ ಹೋಗಿ, ಪದವಿಯ ಹಂಗಿಲ್ಲದ ಜನರಿಗೆ ಕನ್ನಡದಲ್ಲಿ ತಮ್ಮ ವಿಷಯವನ್ನು ವಿವರಿಸುವುದು, ಅನಂತರ ಆ ಉಪನ್ಯಾಸಗಳನ್ನು ಸುಲಭ ಬೆಲೆಯ ಪುಸ್ತಕಗಳಾಗಿ ಅಚ್ಚುಮಾಡುವುದು ಈ ಯೋಜನೆಯ ಕ್ರಮ. ವಿಜ್ಞಾನದ ವಿಷಯವನ್ನು ರೈತನೊಬ್ಬನ ಎದುರಿನಲ್ಲಿ ಕನ್ನಡದಲ್ಲಿ ಹೇಳಬೇಕಾದ ಪ್ರಾಧ್ಯಾಪಕನು ಆ ವಿಷಯವನ್ನು ಹೊಸದಾಗಿ ಕಲಿಯಲೇಬೇಕಾಗಿತ್ತು. 1956ರಲ್ಲಿ ಕುಲಪತಿಗಳಾದ ಕುವೆಂಪು ಅವರು ಈ ಕಾರ್ಯಕ್ಕೆ ಹೊಸ ಬಲ ತುಂಬಿದರು. 1960ರಲ್ಲಿ ಸ್ನಾತಕೋತ್ತರ ಅಧ್ಯಯನಕ್ಕಾಗಿ ಮಾನಸಗಂಗೋತ್ರಿಯನ್ನು ಕಟ್ಟಿದರು.

ವಿಶ್ವವಿದ್ಯಾನಿಲಯಗಳ ದಾಖಲೆಗಳಲ್ಲಿ ನೇಮಕಾತಿ, ಫಲಿತಾಂಶ, ಕಟ್ಟಡಗಳ ವಿವರ ಸಿಗುತ್ತದೆ. ಪಾಠ ಹೇಗೆ ನಡೆಯಿತೆಂಬುದು ಸಿಗುವುದಿಲ್ಲ. ಅದು ಉಳಿದಿರುವುದು ಕುವೆಂಪು ಅವರ 'ನೆನಪಿನ ದೋಣಿಯಲ್ಲಿ', ಎ.ಎನ್. ಮೂರ್ತಿರಾಯರ 'ಸಂಜೆಗಣ್ಣಿನ ಹಿನ್ನೋಟ' ಮುಂತಾದ ಆತ್ಮಕಥೆಗಳಲ್ಲಿ ಮತ್ತು ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಧೂಳು ಹಿಡಿದಿರಬಹುದಾದ ಟಿಪ್ಪಣಿ ಪುಸ್ತಕಗಳಲ್ಲಿ. ಅಂತಹ ಪುಸ್ತಕಗಳು ಯಾರ ಬಳಿಯಾದರೂ ಇದ್ದರೆ ಅವನ್ನು ರದ್ದಿಗೆ ಹಾಕದೆ ವಿಶ್ವವಿದ್ಯಾನಿಲಯದ ಗ್ರಂಥಾಲಯಗಳಿಗೆ ಒಪ್ಪಿಸಬೇಕು. ಗ್ರಂಥಾಲಯಗಳೂ ಅವನ್ನು ಹಸ್ತಪ್ರತಿಗಳಿಗೆ ಸಲ್ಲುವ ಎಚ್ಚರದಿಂದಲೇ ಕಾಪಾಡಬೇಕು.